ಓದಿದ ಲೆಕ್ಕ ಬರೆದಿಟ್ಟು ಪುಸ್ತಕ ಕೊಳ್ಳುವುದು ಹೇಗೆ

ಎರಡು ವರ್ಷದ ಹಿಂದೆ ಒಂದು ಭಾನುವಾರ ಕಪಾಟಿನ ಪುಸ್ತಕಗಳನ್ನೆಲ್ಲ ನೆಲಕ್ಕೆ ಇಳಿಸಿದೆ. ಓದಿದ್ದು ಒಂದು ಕಡೆ, ಓದದೇ ಉಳಿದದ್ದು ಇನ್ನೊಂದು ಕಡೆ. ಓದದ ರಾಶಿಯಲ್ಲಿ 63 ಪುಸ್ತಕಗಳಿದ್ದವು. ಎಲ್ಲವೂ ನಾನೇ ಆಸೆಪಟ್ಟು ತಂದವು. ಅಲ್ಲೇ ಕೂತು ಒಂದೊಂದನ್ನೇ ಕೈಗೆತ್ತಿಕೊಂಡು, ಇದು ಮನೆಗೆ ಹೇಗೆ ಬಂತು ಅಂತ ನೆನಪು ಮಾಡಿಕೊಂಡೆ. 41 ಪುಸ್ತಕಗಳು ರಿಯಾಯಿತಿ ಮಾರಾಟದಲ್ಲಿ ಬಂದಿದ್ದವು. 12 ಪ್ರಶಸ್ತಿಯ ಸುದ್ದಿ ಕೇಳಿ ತಂದವು. ಉಳಿದ ಹತ್ತನ್ನು ಯಾಕೆ ತಂದೆ ಅನ್ನುವುದೇ ನೆನಪಿಗೆ ಬರಲಿಲ್ಲ. ಓದಿದ ರಾಶಿಯ ಕಥೆ ಬೇರೆಯೇ ಇತ್ತು. ಅದರಲ್ಲಿ ಮುಕ್ಕಾಲು ಪಾಲು ಯಾರೋ ಗೆಳತಿ ಕಣ್ಣರಳಿಸಿ ಹೇಳಿದ್ದವು, ಇಲ್ಲವೇ ಅಂಗಡಿಯಲ್ಲಿ ನಿಂತೇ ನಾಲ್ಕು ಪುಟ ಓದಿ ತಂದವು.

ಅವತ್ತಿನಿಂದ ಒಂದು ವಿಷಯ ಗಟ್ಟಿಯಾಗಿ ನಂಬಿದ್ದೇನೆ. ಕೊಳ್ಳುವುದು ಒಂದು ಅಭ್ಯಾಸ, ಓದುವುದು ಇನ್ನೊಂದು ಅಭ್ಯಾಸ. ಓದು ಮುಂದೆ ಹೋಗಬೇಕು, ಕೊಳ್ಳುವುದು ಅದರ ಹಿಂದೆ ಬರಬೇಕು. ಇದನ್ನು ನಾನು ಹೇಗೆ ಸಾಧಿಸಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ, ಮುಖ್ಯವಾಗಿ ನನ್ನ ಹಾಗೆ ಮನೆ, ಕೆಲಸ ಎರಡರ ನಡುವೆ ಓದುವ ಹೆಂಗಸರಿಗಾಗಿ.

ಹೆಂಗಸರು ಜಾಸ್ತಿ ಓದುತ್ತಾರೆ ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ಕಲಾ ದತ್ತಿ ಸಂಸ್ಥೆ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಕಾದಂಬರಿಯನ್ನೋ ಸಣ್ಣಕಥೆಯನ್ನೋ ಓದಿದ ಹೆಂಗಸರು ನೂರಕ್ಕೆ ಸುಮಾರು 47, ಗಂಡಸರು ಸುಮಾರು 28. ಹದಿನೈದು ವರ್ಷದ ಮಕ್ಕಳಿಗೆ ಎಷ್ಟೋ ದೇಶಗಳಲ್ಲಿ ನಡೆಯುವ ಪೀಸಾ ಪರೀಕ್ಷೆಯಲ್ಲೂ ಓದಿನ ವಿಷಯದಲ್ಲಿ ಹುಡುಗಿಯರೇ ಮುಂದಿರುತ್ತಾರೆ. ಅಂದರೆ ಆಸೆಗೆ ಕೊರತೆ ಇಲ್ಲ. ನಮ್ಮ ಕೈಗೆ ಸಿಗುವ ಸಮಯ ಮಾತ್ರ ಚೂರು ಚೂರು. ಆ ಚೂರುಗಳು ಎಲ್ಲಿವೆ ಅಂತ ಮೊದಲು ಕಂಡುಕೊಳ್ಳಬೇಕು.

ಮೊದಲ ತಿಂಗಳು ಏನೂ ಕೊಳ್ಳಬೇಡಿ, ಬರೆಯಿರಿ

ಒಂದು ಸಣ್ಣ ನೋಟ್‌ಬುಕ್ ಸಾಕು. ಐದು ಕಾಲಂ ಹಾಕಿ. ದಿನಾಂಕ, ಎಲ್ಲಿ ಓದಿದೆ, ಎಷ್ಟು ನಿಮಿಷ, ಯಾವ ಪುಸ್ತಕ, ಯಾಕೆ ನಿಲ್ಲಿಸಿದೆ. ಈ ಕೊನೆಯ ಕಾಲಂ ಬಿಡಬೇಡಿ. ನನಗೆ ದಾರಿ ತೋರಿಸಿದ್ದು ಅದೇ.

ನನ್ನ ಮೊದಲ ತಿಂಗಳಿನಲ್ಲಿ ಓದು 22 ಸಲ ನಡುವೆ ನಿಂತಿತ್ತು. 9 ಸಲ ಮನೆಯಲ್ಲಿ ಯಾರೋ ಕರೆದರು. 8 ಸಲ ನಿದ್ದೆ ಬಂತು. 5 ಸಲ ಫೋನ್ ಕೈಗೆ ಬಂದು ಪುಸ್ತಕ ಪಕ್ಕಕ್ಕೆ ಹೋಯಿತು. ರಾತ್ರಿ ಮಲಗುವ ಮುಂಚೆ ಓದಬೇಕು ಅಂತ ವರ್ಷಗಟ್ಟಲೆ ಹಟ ಹಿಡಿದಿದ್ದೆ. ಆದರೆ ಆ ಹೊತ್ತಿನಲ್ಲಿ ನಾನು ಮೂರು ಪುಟ ದಾಟಿದ್ದೇ ಇಲ್ಲ. ಅಡ್ಡಿಯಿಲ್ಲದೆ ಓದಿದ್ದು ಬೇರೆಯವರಿಗಾಗಿ ಕಾಯುವಾಗ. ಮಗಳ ತರಗತಿ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ, ವೈದ್ಯರ ಕೋಣೆಯ ಹೊರಗೆ, ಬಸ್ಸಿನಲ್ಲಿ. ಅಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ಇದು ತಿಳಿದ ಮೇಲೆ ರಾತ್ರಿಯ ಹಟ ಬಿಟ್ಟೆ. ಒಂದು ತೆಳು ಪುಸ್ತಕ ಯಾವಾಗಲೂ ಚೀಲದಲ್ಲಿ ಇರುವ ಹಾಗೆ ನೋಡಿಕೊಂಡೆ. ನಿಮ್ಮ ಹೊತ್ತು ಬೇರೆ ಇರಬಹುದು. ನಿಮ್ಮ ನೋಟ್‌ಬುಕ್ಕೇ ಅದನ್ನು ಹೇಳುತ್ತದೆ.

ತಿಂಗಳ ಕೊನೆಗೆ ಒಂದು ಸಣ್ಣ ಲೆಕ್ಕ ಮಾಡಿ. ಹತ್ತು ನಿಮಿಷ ಗಡಿಯಾರ ಇಟ್ಟುಕೊಂಡು ನಿಮ್ಮ ಸಹಜ ವೇಗದಲ್ಲಿ ಓದಿ, ಎಷ್ಟು ಪುಟ ಆಯಿತು ನೋಡಿ. ಇಂಗ್ಲಿಷ್ ಓದುವ ವಯಸ್ಕರು ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲೇ ಓದುವಾಗ ನಿಮಿಷಕ್ಕೆ ಸರಾಸರಿ 238 ಪದ ಓದುತ್ತಾರೆ ಅಂತ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ್ದಾರೆ. ಕನ್ನಡದ ಪದಗಳು ಉದ್ದ, ವಿಭಕ್ತಿಯೆಲ್ಲ ಪದಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿ ಆ ಅಂಕಿ ನಮಗೆ ಹೊಂದುವುದಿಲ್ಲ, ನಿಮ್ಮ ಪುಟದ ಲೆಕ್ಕವೇ ಸರಿ. ನನಗೆ ಹತ್ತು ನಿಮಿಷಕ್ಕೆ 6 ಪುಟ. ಹದಿನೈದು ನಿಮಿಷಕ್ಕೆ 9. ವರ್ಷದ 365 ದಿನಕ್ಕೆ 3,285 ಪುಟ. ಕಾಲು ಭಾಗ ದಿನ ಓದಲಾಗದೆ ಹೋದರೂ 2,460ರ ಹತ್ತಿರ. 200 ಪುಟದ ಪುಸ್ತಕವಾದರೆ ವರ್ಷಕ್ಕೆ 12.

ಹನ್ನೆರಡು! ದಿನಕ್ಕೆ ಬರೀ ಕಾಲು ಗಂಟೆಗೆ ಇಷ್ಟು ಪುಸ್ತಕ ಸಿಗುತ್ತದೆ ಅಂತ ನನಗೆ ಎಷ್ಟು ಖುಷಿಯಾಯಿತು. ಜೊತೆಗೆ ಇನ್ನೊಂದು ಸತ್ಯವೂ ಕಂಡಿತು. ನಾನು ವರ್ಷಕ್ಕೆ 30 ಕೊಳ್ಳುತ್ತಿದ್ದೆ. 12 ಓದುವವಳು 30 ಕೊಂಡರೆ 18 ರಾಶಿಗೆ ಸೇರುತ್ತವೆ, ಅಲ್ವಾ? ಈಗ ನನ್ನ ಅಳತೆ ಸರಳ. ಓದುವ ಸಂಖ್ಯೆಗಿಂತ ಮೂರು ನಾಲ್ಕು ಜಾಸ್ತಿ ಕೊಳ್ಳಬಹುದು. ಅದಕ್ಕಿಂತ ಮೇಲೆ ಬೇಡ.

ಕೊಳ್ಳುವ ಮುಂಚೆ

ಯಾರಾದರೂ ಪುಸ್ತಕದ ಹೆಸರು ಹೇಳಿದರೆ ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯುತ್ತೇನೆ. ಹೇಳಿದವರ ಹೆಸರು, ಅವರು ಏನು ಹೇಳಿದರು, ಎರಡೂ. ಎರಡು ವಾರ ಕಾಯುತ್ತೇನೆ. ಎರಡು ವಾರದ ಮೇಲೂ ಮನಸ್ಸು ಅದನ್ನೇ ಕೇಳಿದರೆ ಮೊದಲು ಗ್ರಂಥಾಲಯದಲ್ಲಿ ಇದೆಯಾ ನೋಡುತ್ತೇನೆ. ಇಲ್ಲದಿದ್ದರೆ ತರಿಸುತ್ತೀರಾ ಅಂತ ಗ್ರಂಥಪಾಲಕರನ್ನು ಕೇಳುತ್ತೇನೆ. ಓದುಗರು ಕೇಳಿದ್ದನ್ನು ತರಿಸುವ ಗ್ರಂಥಾಲಯಗಳು ಎಷ್ಟೋ ಇವೆ. ನಾವು ಕೇಳುವುದೇ ಕಡಿಮೆ.

ಪುಸ್ತಕ ಕೈಯಲ್ಲಿದ್ದರೆ ಹಿಂಬದಿಯ ಹೊಗಳಿಕೆ ಬಿಟ್ಟುಬಿಡಿ. ಮೊದಲ ಎರಡು ಪುಟ ಓದಿ, ಆಮೇಲೆ ಸರಿಯಾಗಿ ನಡುವೆ ತೆಗೆದು ಇನ್ನೆರಡು ಪುಟ ಓದಿ. ಮೊದಲ ಪುಟವನ್ನು ಎಲ್ಲರೂ ಮೆರುಗು ಕೊಟ್ಟು ಬರೆದಿರುತ್ತಾರೆ. ನಡುವಿನ ಪುಟದಲ್ಲಿ ಬರಹಗಾರರ ನಿಜವಾದ ನಡಿಗೆ ಸಿಗುತ್ತದೆ. ಅಕ್ಷರ ಕಣ್ಣಿಗೆ ಹಿತವಾಗಿದೆಯಾ ಅಂತಲೂ ನೋಡಿ. ನಲವತ್ತು ದಾಟಿದ ಮೇಲೆ ಇದು ಸಣ್ಣ ವಿಷಯ ಅಲ್ಲ.

ಆಮೇಲೆ ಹಕ್ಕುಗಳ ಪುಟ. ಮುಖಪುಟದ ಒಳಗೆ, ಶೀರ್ಷಿಕೆ ಪುಟದ ಹಿಂದೆ ಇರುತ್ತದೆ. ಮೊದಲ ಮುದ್ರಣ ಯಾವ ವರ್ಷ, ಇದು ಎಷ್ಟನೆಯ ಮುದ್ರಣ, ಅನುವಾದವಾದರೆ ಅನುವಾದಕರು ಯಾರು ಅನ್ನುವುದೆಲ್ಲ ಅಲ್ಲಿದೆ. ಹೊಸ ರಕ್ಷಾಪುಟ ಹೊತ್ತು ಬಂದ ಹಳೆಯ ಪುಸ್ತಕವನ್ನು ಎರಡನೇ ಸಲ ಕೊಳ್ಳುವ ಅಪಾಯ ಈ ಪುಟ ನೋಡಿದರೆ ತಪ್ಪುತ್ತದೆ. ಐಎಸ್‌ಬಿಎನ್, ಅಂದರೆ ಪುಸ್ತಕದ ಒಂದೊಂದು ಆವೃತ್ತಿಗೂ ಬೇರೆ ಬೇರೆಯಾಗಿ ಕೊಡುವ ಗುರುತಿನ ಸಂಖ್ಯೆಯೂ ಅಲ್ಲೇ ಇರುತ್ತದೆ. 2007ರಿಂದ ಅದು 13 ಅಂಕಿಯದ್ದು, ಅದಕ್ಕೂ ಮುಂಚಿನ ಪುಸ್ತಕಗಳಲ್ಲಿ 10 ಅಂಕಿ. ಆನ್‌ಲೈನ್‌ನಲ್ಲಿ ತರಿಸುವಾಗ ಹೆಸರು ಹಾಕಿ ಹುಡುಕುವ ಬದಲು ಈ ಸಂಖ್ಯೆ ಹಾಕಿ. ಸಂಕ್ಷಿಪ್ತ ಆವೃತ್ತಿಯೋ ಬೇರೆ ಅನುವಾದವೋ ಬಂದು ಬೇಸರವಾಗುವುದಿಲ್ಲ.

ಒಂದು ಸಲ ಆನ್‌ಲೈನ್‌ನಲ್ಲಿ ತುಂಬ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಒಂದು ಕಾದಂಬರಿ ತರಿಸಿದೆ. ಬಂದದ್ದು ಕಳ್ಳ ಮುದ್ರಣ. ಅಕ್ಷರ ಮಸುಕು, ಅಂಚು ಓರೆ, ರಕ್ಷಾಪುಟದ ಚಿತ್ರಕ್ಕೆ ಜೀವವೇ ಇಲ್ಲ. ಎಂಟು ಪುಟ ಎರಡೆರಡು ಸಲ ಇದ್ದವು. ನನಗೆ ನಿಜಕ್ಕೂ ನೋವಾಯಿತು. ಬರೆದವಳಿಗೆ ಅದರಿಂದ ಒಂದು ಕಾಸೂ ಹೋಗಿರುವುದಿಲ್ಲ. ಪ್ರಕಾಶಕರ ಬೆಲೆಗಿಂತ ನಂಬಲಾಗದಷ್ಟು ಕಡಿಮೆ ಇದ್ದರೆ ದಯವಿಟ್ಟು ಕೊಳ್ಳಬೇಡಿ. ದುಡ್ಡು ಉಳಿಸಲೇಬೇಕಾದರೆ ಹಳೆಯ ಪುಸ್ತಕ ಕೊಳ್ಳಿ, ಅದು ಮರ್ಯಾದೆಯ ದಾರಿ. ಹಳೆಯದನ್ನು ಕೊಳ್ಳುವಾಗ ಪುಟ ಸಂಖ್ಯೆಯ ಮೇಲೆ ಒಂದು ಸಲ ಬೆರಳಾಡಿಸಿ. ಪುಸ್ತಕಗಳನ್ನು ಬಿಡಿ ಪುಟಗಳಾಗಿ ಮುದ್ರಿಸುವುದಿಲ್ಲ. ದೊಡ್ಡ ಹಾಳೆಯ ಮೇಲೆ 8, 16 ಅಥವಾ 32 ಪುಟ ಒಟ್ಟಿಗೆ ಮುದ್ರಿಸಿ ಮಡಚುತ್ತಾರೆ. ಇದನ್ನೇ ಫಾರಂ ಅನ್ನುವುದು. ಅದಕ್ಕೇ ಮುದ್ರಣದಲ್ಲಿ ಪುಟ ತಪ್ಪಿದರೆ ಸಾಮಾನ್ಯವಾಗಿ ಒಂದು ಇಡೀ ಫಾರಮ್ಮೇ ತಪ್ಪಿರುತ್ತದೆ. 48ರಿಂದ ನೇರವಾಗಿ 65ಕ್ಕೆ ಹಾರುತ್ತದೆ. ಬೆನ್ನನ್ನೂ ನೋಡಿ. ಹೊಲಿದ ಪುಸ್ತಕ ಮೇಜಿನ ಮೇಲೆ ಅಗಲವಾಗಿ ತೆರೆದುಕೊಳ್ಳುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಬರೀ ಅಂಟು ಹಾಕಿದ್ದು ಹಳತಾದಾಗ ಬಲವಂತವಾಗಿ ತೆರೆದರೆ ಬೆನ್ನು ಬಿರುಕು ಬಿಡುತ್ತದೆ.

ಇ-ಪುಸ್ತಕ ನನಗೆ ಇಷ್ಟ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಆದರೆ ಹೆಚ್ಚಿನ ಮಳಿಗೆಗಳಲ್ಲಿ ನಾವು ಕೊಳ್ಳುವುದು ಓದುವ ಪರವಾನಗಿಯನ್ನು, ಪುಸ್ತಕವನ್ನಲ್ಲ. ಗೆಳತಿಗೆ ಎರವಲು ಕೊಡುವುದು, ಮಾರುವುದು ಆಗುವುದಿಲ್ಲ. ಹಾಗಾಗಿ ಒಮ್ಮೆ ಓದಿ ಮುಗಿಸುವಂಥದ್ದನ್ನು ಅದರಲ್ಲಿ ತೆಗೆದುಕೊಳ್ಳುತ್ತೇನೆ. ಮತ್ತೆ ಮತ್ತೆ ಓದಬೇಕು ಅನ್ನಿಸುವುದನ್ನು ಕಾಗದದಲ್ಲೇ ಕೊಳ್ಳುತ್ತೇನೆ. ಬಟ್ಟೆ ಮಡಚುವಾಗ, ನಡೆಯುವಾಗ ಕೇಳುಪುಸ್ತಕ. ಅದೂ ಓದೇ. ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಪ್ರಶಸ್ತಿ ಪಟ್ಟಿ ನೋಡಿ ಕೊಳ್ಳುವವರಿಗೆ ಒಂದು ಮಾತು. 1991ರಲ್ಲಿ ಬೂಕರ್ ಪ್ರಶಸ್ತಿಯ ಕೊನೆಯ ಪಟ್ಟಿಗೆ ಬಂದ ಆರು ಪುಸ್ತಕಗಳಲ್ಲಿ ಒಂದೂ ಹೆಂಗಸಿನದ್ದಾಗಿರಲಿಲ್ಲ. ಓದುವವರಲ್ಲಿ ಹೆಂಗಸರೇ ಜಾಸ್ತಿ, ಪಟ್ಟಿಯಲ್ಲಿ ಒಬ್ಬಳೂ ಇಲ್ಲ! ಆ ಸಿಟ್ಟಿನಿಂದಲೇ ಹೆಂಗಸರ ಕಾದಂಬರಿಗೆಂದೇ ಬ್ರಿಟನ್ನಿನಲ್ಲಿ ಒಂದು ಪ್ರಶಸ್ತಿ ಹುಟ್ಟಿ, 1996ರಲ್ಲಿ ಮೊದಲ ಸಲ ಕೊಟ್ಟರು. ಅದಕ್ಕೇ ಪ್ರಶಸ್ತಿ ಗೆದ್ದ ಒಂದೇ ಪುಸ್ತಕದ ಹಿಂದೆ ನಾನು ಹೋಗುವುದಿಲ್ಲ. ಕೊನೆಯ ಪಟ್ಟಿಗೂ ಮುಂಚೆ ಬರುವ ಉದ್ದದ ಪಟ್ಟಿ ತೆಗೆದು, ಕೇಳಿರದ ಹೆಸರು ಹುಡುಕಿ, ನಡುವಿನ ಎರಡು ಪುಟ ಓದುತ್ತೇನೆ.

ನಿಮ್ಮ ಪಾಲಿನ ದುಡ್ಡು

ಮನೆಗೆ ಬಂದ ಪುಸ್ತಕಗಳ ರಸೀದಿ ತೆಗೆದು ನೋಡಿ, ಯಾವುದು ಯಾರಿಗೆ ಅಂತ ಬರೆಯಿರಿ. ನನ್ನ ರಸೀದಿಗಳಲ್ಲಿ ಮಕ್ಕಳ ಪಠ್ಯ, ಮಕ್ಕಳ ಕಥೆ, ಕೊಡುಗೆ ಕೊಟ್ಟದ್ದು ಇವೇ ತುಂಬಿದ್ದವು. ನನಗಾಗಿ ತಂದದ್ದು ಯಾವಾಗಲೂ ರಿಯಾಯಿತಿ ಬಂದಾಗ ಮಾತ್ರ. ಅಂದರೆ ನನಗೆ ಬೇಕಾದದ್ದನ್ನು ಬಿಟ್ಟು, ಅಗ್ಗವಾದದ್ದನ್ನು ತರುತ್ತಿದ್ದೆ. ಆ 41 ಪುಸ್ತಕ ಓದದೇ ಉಳಿದದ್ದಕ್ಕೆ ಕಾರಣ ಇಲ್ಲಿತ್ತು. ಈಗ ತಿಂಗಳಿಗೆ ಇಷ್ಟು ಅಂತ ಒಂದು ಸಣ್ಣ ಮೊತ್ತ ಬೇರೆ ಇಡುತ್ತೇನೆ. ಅದರಲ್ಲಿ ಬೇರೆ ಯಾರ ಪುಸ್ತಕವೂ ಬರುವುದಿಲ್ಲ. ಎರಡು ತಿಂಗಳು ಕೂಡಿಟ್ಟು ಒಂದೇ ಪುಸ್ತಕ ಪೂರ್ತಿ ಬೆಲೆಗೆ ಕೊಂಡರೂ ಪರವಾಗಿಲ್ಲ. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಪ್ರೇಮಕಥೆಯೋ ಪತ್ತೇದಾರಿಯೋ ತತ್ವಶಾಸ್ತ್ರವೋ, ನಿಮಗೆ ಇಷ್ಟವಾದದ್ದು ತನ್ನಿ.

ಹಿಡಿಸದಿದ್ದರೆ ಬಿಡಿ. ದುಡ್ಡು ಕೊಟ್ಟಿದ್ದೇನೆ ಅಂತ ಮುಗಿಸಲು ಹೊರಟು ನಾನು ಎಷ್ಟೋ ತಿಂಗಳು ಓದೇ ನಿಲ್ಲಿಸಿದ್ದೇನೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ಅಳತೆಯನ್ನೇ ನಾನೂ ಬಳಸುತ್ತೇನೆ. ಐವತ್ತು ಪುಟ ಓದಿ ನೋಡಿ. ನಿಮಗೆ ಐವತ್ತು ವರ್ಷ ದಾಟಿದ್ದರೆ ನೂರರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಸಾಕು. ನನ್ನ ಅಮ್ಮನಿಗೆ ಈಗ 74. ಅವರಿಗೆ 26 ಪುಟ.

ಐದು ಜನ, ಐದು ಪುಸ್ತಕ

ಓದುವ ಗುಂಪು ದೊಡ್ಡದಾಗಿ ಶುರು ಮಾಡಲು ಹೋಗಬೇಡಿ. ನಮ್ಮದು ಐದು ಜನ. ಪ್ರತಿಯೊಬ್ಬರೂ ಒಂದು ಪುಸ್ತಕ ಕೊಳ್ಳುತ್ತೇವೆ, ಬೇರೆ ಬೇರೆ. ಎರಡು ತಿಂಗಳಿಗೊಮ್ಮೆ ಪಕ್ಕದವರಿಗೆ ದಾಟಿಸುತ್ತೇವೆ. ಹತ್ತು ತಿಂಗಳಲ್ಲಿ ಒಂದು ಪುಸ್ತಕದ ದುಡ್ಡಿಗೆ ಐದು ಓದಿದ ಹಾಗಾಗುತ್ತದೆ. ಎಲ್ಲರೂ ಒಂದೇ ದಿನ ಸೇರಬೇಕು ಅನ್ನುವ ಒತ್ತಾಯವೂ ಇಲ್ಲ. ಪುಸ್ತಕದ ಒಳಗೆ ಒಂದು ಚೀಟಿ ಇಡುತ್ತೇವೆ. ಅದರಲ್ಲಿ ಹೆಸರು, ಬಂದ ದಿನ, ಇಷ್ಟವಾದ ಪುಟದ ಸಂಖ್ಯೆ. ಐದನೆಯವಳ ಕೈಗೆ ಬರುವಷ್ಟರಲ್ಲಿ ಚೀಟಿಯಲ್ಲಿ ನಾಲ್ಕು ಪುಟ ಸಂಖ್ಯೆ ಇರುತ್ತವೆ. ಹೋದ ಸಲ ನನ್ನದು ಐದನೆಯ ಸರದಿ. ಮೂರು ಜನ ಒಂದೇ ಪುಟ ಬರೆದಿದ್ದರು, 112. ನಾನು ಅಲ್ಲಿಗೆ ತಲುಪಿದಾಗ ಬಸ್ಸಿನಲ್ಲಿದ್ದೆ. ಓದಿ ಮುಗಿಸಿ, ಅಲ್ಲೇ ಪೆನ್ನು ತೆಗೆದು ನಾನೂ 112 ಅಂತ ಬರೆದೆ.