44 ಡಿಗ್ರಿ, ಆದರೆ ಯಾವ ಡಿಗ್ರಿ?

ಲಾಗ್ ಶೀಟ್‌ನಲ್ಲಿ ಇದ್ದದ್ದು ಇಷ್ಟೇ: "ಕಾಸ್ಟಿಕ್, 44 ಡಿಗ್ರಿ." ಯಾವ ಡಿಗ್ರಿ ಅಂತ ನಾನು ಕೇಳಲೇ ಇಲ್ಲ. ದ್ರಾವಣ ಎಷ್ಟು ಗಟ್ಟಿ ಅಂತ ಹೇಳುವ ಸ್ಕೇಲ್‌ಗಳಲ್ಲಿ ಒಂದಾದ ಬಾಮೆ ಅಂದುಕೊಂಡು ಲೆಕ್ಕ ಹಾಕಿದೆ. 145 ಅನ್ನು 145ರಿಂದ 44 ಕಳೆದು ಬಂದ 101ರಿಂದ ಭಾಗಿಸಿದರೆ ಸ್ಪೆಸಿಫಿಕ್ ಗ್ರಾವಿಟಿ (ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು) ಸುಮಾರು 1.44. ಅಂದರೆ 40 ಪರ್ಸೆಂಟ್ ಮೇಲಿನ ಕಾಸ್ಟಿಕ್ ಸೋಡಾ. ಅಷ್ಟಕ್ಕೆ ತಕ್ಕಷ್ಟು ಲೀಟರ್ ಅಳೆದು ಆಸಿಡ್ ಇದ್ದ ಟ್ಯಾಂಕಿಗೆ ಬಿಟ್ಟೆ. ಪಿಎಚ್ ಮೀಟರ್ ಅಲ್ಲಾಡಲೇ ಇಲ್ಲ.

ಮೊದಲು ಬೈದದ್ದು ಮೀಟರನ್ನೇ. ಎರಡು ಸಲ ಕ್ಯಾಲಿಬ್ರೇಟ್ ಮಾಡಿದೆ. ಆಮೇಲೆ ಸುಮ್ನೆ ಹೋಗಿ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಸಿ ಡಿಗ್ರಿ ಓದುವ ಗಾಜಿನ ಕಡ್ಡಿ) ಎತ್ತಿ ನೋಡಿದರೆ, ಕಡ್ಡಿಯೊಳಗಿನ ಕಾಗದದಲ್ಲಿ ಸಣ್ಣಗೆ "ಟ್ವಾಡಲ್" ಅಂತ ಇದೆ! ಅದು ಬೇರೆಯದೇ ಸ್ಕೇಲ್. ಟ್ವಾಡಲ್ ಲೆಕ್ಕ ತುಂಬಾ ಸುಲಭ: ಡಿಗ್ರಿಯನ್ನು 200ರಿಂದ ಭಾಗಿಸಿ 1 ಕೂಡಿಸಿದರೆ ಆಯಿತು. 44 ಅಂದರೆ 1.22. ಅದು ಬರೀ 20 ಪರ್ಸೆಂಟ್ ಕಾಸ್ಟಿಕ್. ತೂಕ ಹಾಕಿದ್ದರೆ ಅರ್ಧದಷ್ಟಾದರೂ ಹೋಗಿರುತ್ತಿತ್ತು. ನಾನು ಲೀಟರಿನಲ್ಲಿ ಅಳೆದಿದ್ದೆ, ದ್ರಾವಣವೂ ಹಗುರ. ಹಾಗಾಗಿ ಬೇಕಾದ ಕಾಸ್ಟಿಕ್‌ನಲ್ಲಿ ಅರ್ಧವೂ ಒಳಗೆ ಹೋಗಿರಲಿಲ್ಲ.

ಬಾಮೆಯಲ್ಲೂ ಎರಡು ಸ್ಕೇಲ್ ಇವೆ. ಆಂತ್ವಾನ್ ಬಾಮೆ ಎಂಬ ಫ್ರೆಂಚ್ ಔಷಧ ತಯಾರಕ 1768ರಲ್ಲಿ ಉಪ್ಪುನೀರು ಇಟ್ಟುಕೊಂಡು ಇವನ್ನು ಮಾಡಿದ. ನೀರಿಗಿಂತ ಭಾರವಾದ ದ್ರವಗಳ ಸ್ಕೇಲಿನಲ್ಲಿ ನೀರು 0, ಹಗುರವಾದವುಗಳ ಸ್ಕೇಲಿನಲ್ಲಿ ನೀರು 10. ಪೆಟ್ರೋಲಿಯಂನವರ ಎಪಿಐ ಡಿಗ್ರಿಯಲ್ಲೂ ನೀರು 10, ಎಣ್ಣೆ ಹಗುರವಾದಷ್ಟೂ ಡಿಗ್ರಿ ಜಾಸ್ತಿ. ಹೊಸಬರು ಇಲ್ಲಿ ತಲೆ ಕೆರೆದುಕೊಳ್ಳುವುದು ಸಹಜ.

ಈಗ ನಮ್ಮ ಶೀಟಿನಲ್ಲಿ ಡಿಗ್ರಿ ಕಾಲಂ ಇಲ್ಲ. ಗ್ರಾವಿಟಿ ಬರೆಯಬೇಕು, ಪಕ್ಕದಲ್ಲೇ ಸ್ಯಾಂಪಲ್ ಎಷ್ಟು ಬಿಸಿ ಇತ್ತು ಅಂತ ಬರೆಯಬೇಕು. ಈ ಎರಡನೆಯದನ್ನು ತಪ್ಪಿಸುವವರೇ ಜಾಸ್ತಿ. ಕಾಸ್ಟಿಕ್‌ಗೆ ನೀರು ಬೆರೆಸಿದಾಗ ಚೆನ್ನಾಗಿ ಕಾಯುತ್ತದೆ, ಅಲ್ವಾ? 20 ಪರ್ಸೆಂಟ್ ದ್ರಾವಣ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.219 ತೋರಿಸಿದರೆ, 60ರಲ್ಲಿ ಸುಮಾರು 1.196 ತೋರಿಸುತ್ತದೆ. ಬಿಸಿ ಇರುವಾಗಲೇ ಓದಿ 20 ಡಿಗ್ರಿಯ ಟೇಬಲ್ ನೋಡಿದರೆ ಅದು 18 ಪರ್ಸೆಂಟ್ ಅನ್ನಿಸುತ್ತದೆ. ಸ್ಯಾಂಪಲ್ ತಣಿಯುವವರೆಗೆ ಕಾಯಲು ಪುರುಸೊತ್ತಿಲ್ಲದಿದ್ದರೆ, ಆ ಉಷ್ಣತೆಯದೇ ಟೇಬಲ್ ತೆಗೆಯಿರಿ.

ಓದುವಾಗ ಹೈಡ್ರೋಮೀಟರನ್ನು ಒಮ್ಮೆ ಮೆಲ್ಲಗೆ ತಿರುಗಿಸಿ ಬಿಡುತ್ತೇನೆ. ಅಂಟಿದ ಗಾಳಿಗುಳ್ಳೆ ಬಿಡುತ್ತವೆ, ಜಾಡಿಯ ಗೋಡೆಗೂ ತಾಗುವುದಿಲ್ಲ. ಕಣ್ಣು ದ್ರವದ ಮಟ್ಟಕ್ಕೇ ಇರಬೇಕು, ಆದರೆ ಕಣ್ಣಿಗೆ ಸುರಕ್ಷತಾ ಕನ್ನಡಕ ಇಲ್ಲದೆ ಕಾಸ್ಟಿಕ್ ಹತ್ತಿರ ಬಗ್ಗಲೇಬೇಡಿ.

ಸಲ್ಫ್ಯೂರಿಕ್ ಆಸಿಡ್ ಮಾತ್ರ ಬೇರೆ ಕಥೆ. 66 ಬಾಮೆ, ಅಂದರೆ 93 ಪರ್ಸೆಂಟ್‌ವರೆಗೆ ಗ್ರಾವಿಟಿ ನಂಬಬಹುದು. ಅಲ್ಲಿಂದ ಮುಂದೆ ಅದು ಏರುವುದೇ ಅಷ್ಟಕ್ಕಷ್ಟೆ, 98ರ ಆಸುಪಾಸು ದಾಟಿದ ಮೇಲೆ ಇಳಿಯುತ್ತದೆ. 94 ಪರ್ಸೆಂಟ್‌ಗೂ 100 ಪರ್ಸೆಂಟ್‌ಗೂ ಹೆಚ್ಚುಕಡಿಮೆ ಒಂದೇ 1.83. ಅದಕ್ಕೇ 98ರ ಆಸಿಡ್ ಬಂದಾಗ ನಾನು ಹೈಡ್ರೋಮೀಟರ್ ಮುಟ್ಟುವುದಿಲ್ಲ, ಟೈಟ್ರೇಷನ್ನೇ (ಅಳೆದ ಕ್ಷಾರ ಹನಿಹನಿಯಾಗಿ ಸೇರಿಸಿ ಆಸಿಡ್ ಎಷ್ಟಿದೆ ಅಂತ ಕಂಡುಹಿಡಿಯುವ ಪರೀಕ್ಷೆ) ಮಾಡಿಸುತ್ತೇನೆ.