ಇಲ್ಲಿ ಪರ್ಸೆಂಟ್ ಯಾರೂ ಕೇಳುವುದಿಲ್ಲ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಇಂಗ್ಲೆಂಡಿಗೆ ಕೆಲಸಕ್ಕೆ ಬರುತ್ತಿರುವವರೇ, ಇದು ನಿಮಗೆ.

ಲಿಂಗಸೂಗೂರಿನಿಂದ ಬಂದ ನಮ್ಮ ಅಕ್ಕನ ಮಗ ಮೊದಲ ದಿನವೇ ಪ್ಲಾಸ್ಟಿಕ್ ಕವರಿನಿಂದ ಅಂಗವಿಕಲರ ಸರ್ಟಿಫಿಕೇಟ್ ತೆಗೆದು ತೋರಿಸಿದ. "ಮಾಮಾ, ಬರೇ 35 ಪರ್ಸೆಂಟ್ ಕೊಟ್ಟಾರ. ಇಲ್ಲೂ ನಡಿಯಂಗಿಲ್ಲೇನು?" ಎಂದ. ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಬೆಳೆದ ಹುಡುಗ. ಮಂಡಿ ಪೂರ್ತಿ ಮಡಚುವುದಿಲ್ಲ. ನಮ್ಮ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ನೌಕರಿ ಮೀಸಲಾತಿಗೆ ಕನಿಷ್ಠ ಶೇ 40 ಬೇಕು. ಅವನ ತಲೆಯಲ್ಲಿ ಆ ಲೆಕ್ಕವೇ ಕೂತಿತ್ತು.

ಇಲ್ಲಿ 2010ರ ಈಕ್ವಾಲಿಟಿ ಆ್ಯಕ್ಟ್, ಅಂದರೆ ತಾರತಮ್ಯ ತಡೆಯುವ ಸಮಾನತೆ ಕಾಯ್ದೆ ಇದೆ. ಅದು ಕೇಳುವುದೇ ಬೇರೆ. ದೇಹಕ್ಕೋ ಮನಸ್ಸಿಗೋ ತೊಂದರೆ ಇದೆಯಾ? ಅದರಿಂದ ದಿನನಿತ್ಯದ ಕೆಲಸ ಕಷ್ಟವಾಗಿದೆಯಾ, ಅದೂ ಅಲ್ಪಸ್ವಲ್ಪಕ್ಕಿಂತ ಜಾಸ್ತಿ? 12 ತಿಂಗಳಿಂದ ಇದೆಯಾ, ಇಲ್ಲವೇ ಅಷ್ಟು ಕಾಲ ಇರುವ ಹಾಗಿದೆಯಾ? ಯಾಕೆ ಬಂತು ಎಂಬುದು ಮುಖ್ಯವಲ್ಲ. ಕ್ಯಾನ್ಸರ್, ಎಚ್‌ಐವಿ, ಮಲ್ಟಿಪಲ್ ಸ್ಕ್ಲೆರೋಸಿಸ್ (ನರಮಂಡಲದ ಒಂದು ಕಾಯಿಲೆ) ಇದ್ದವರಿಗೆ ಈ ಪ್ರಶ್ನೆಗಳೂ ಇಲ್ಲ, ಕಾಯಿಲೆ ಗೊತ್ತಾದ ದಿನದಿಂದಲೇ ರಕ್ಷಣೆ.

ನಮ್ಮವರು ಎಡವುವುದು ಮಾತ್ರೆಯ ವಿಷಯದಲ್ಲಿ. ಮೂರ್ಛೆ ರೋಗಕ್ಕೋ ಖಿನ್ನತೆಗೋ ಔಷಧಿ ತಗೊಳ್ಳುತ್ತಾರೆ. "ಈಗ ಆರಾಮ ಇದ್ದೀನಲ್ಲ" ಅಂತ ಸುಮ್ನಿರುತ್ತಾರೆ. ಆದರೆ ಆ ಮಾತ್ರೆ ಇಲ್ಲದಿದ್ದರೆ ನಿಮ್ಮ ಸ್ಥಿತಿ ಏನಿರುತ್ತಿತ್ತು ಅಂತ ಕಾನೂನು ನೋಡುತ್ತದೆ. ಕನ್ನಡಕಕ್ಕೆ ಮಾತ್ರ ಈ ಲೆಕ್ಕ ಇಲ್ಲ.

ವೀಸಾ ಹೋದೀತು ಎಂಬ ಭಯದಿಂದ ನೋವು ಮುಚ್ಚಿಡುವವರನ್ನು ಬಹಳ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಸರ್ಕಾರ ಅಂಗವಿಕಲರಿಗೆ ಕೊಡುವ ಹಣ ಕೆಲಸದ ವೀಸಾದವರಿಗೆ ಸಿಗುವುದಿಲ್ಲ, ನಿಜ. ಆದರೆ ತಾರತಮ್ಯದ ವಿರುದ್ಧದ ರಕ್ಷಣೆ ಬೇರೆ. ಅದು ಕೆಲಸಕ್ಕೆ ಅರ್ಜಿ ಹಾಕಿದ ಹೊತ್ತಿನಿಂದಲೇ ನಿಮಗೂ ಉಂಟು. ಕೆಲಸ ಕೊಡುವ ಮುಂಚೆ ಆರೋಗ್ಯದ ಪ್ರಶ್ನೆಗಳನ್ನು ಸಾಮಾನ್ಯವಾಗಿ ಕೇಳುವ ಹಾಗಿಲ್ಲ. ನಿಮಗೆ ತೊಂದರೆ ಇದೆ ಎಂದು ಮಾಲೀಕರಿಗೆ ಗೊತ್ತಾದ ಮೇಲೆ, ಕೆಲಸದಲ್ಲಿ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಅವರ ಹೊಣೆ. ನಾರ್ದರ್ನ್ ಐರ್ಲೆಂಡಿಗೆ ಹೋಗುವವರಿಗೆ ಮಾತ್ರ ಬೇರೆ ಕಾಯ್ದೆ ಇದೆ, 1995ರದು.

ಆ ಹುಡುಗನನ್ನು ಅಡುಗೆಮನೆ ಟೇಬಲ್ ಹತ್ತಿರ ಕೂರಿಸಿ, ಪರ್ಸೆಂಟ್ ಮರೆತು ದಿನ ಹೇಗೆ ಕಳೆಯುತ್ತದೆ ಬರಿ ಎಂದೆ. ಅರ್ಧ ಗಂಟೆ ಬರೆದ. ಒಂದು ಸಾಲು ಹೀಗಿತ್ತು: "ಕಾಲುಚೀಲ ಹಾಕಿಕೊಳ್ಳಲು ಹಾಸಿಗೆ ಮೇಲೆ ಮಲಗಬೇಕು." ಅದನ್ನೇ ಮ್ಯಾನೇಜರಿಗೆ ಇಮೇಲ್ ಮಾಡಿದ. ಈಗ ಅವನ ಪಾಳಿ ಕೆಳಗಿನ ಮಹಡಿಯಲ್ಲೇ ಇರುತ್ತದೆ.