ಎಂಬತ್ತೊಂದು ಪದರಿನ ಮೀನು ಚಾಕು: ನನ್ನ ಅನುಭವ

ಹೋದ ಮಳೆಗಾಲ ಮುಗಿದ ಮೇಲೆ, ಹುಲಿಗಿ ಕಡೆ ತುಂಗಭದ್ರಾ ಹಿನ್ನೀರಿನಲ್ಲಿ ಬಲೆ ಹಾಕುವ ಒಬ್ಬ ಅಣ್ಣನಿಗೆ ಒಂದು ಚಾಕು ಕೊಟ್ಟೆ. ಏಳು ಇಂಚು ಅಲಗು, ಎಂಬತ್ತೊಂದು ಪದರು, ಅಂದರೆ ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದು ಇಟ್ಟು, ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆದದ್ದು. ದುಡ್ಡು ಇಸಿದುಕೊಳ್ಳಲಿಲ್ಲ. ದಿನಾ ಬಳಸಬೇಕು, ಮುರಿದರೆ ತುಂಡು ನನಗೇ ತಂದು ಕೊಡಬೇಕು, ಇಷ್ಟೇ ಕರಾರು. ಐದು ತಿಂಗಳಲ್ಲಿ ಅದು ಕಾಟ್ಲಾ, ರೋಹು, ಕೊರವ ಎಷ್ಟು ಕೊಯ್ದಿದೆಯೋ ಲೆಕ್ಕವಿಲ್ಲ. ಕಲ್ಲಿಗೆ ಸಿಕ್ಕ ನೈಲಾನ್ ಬಲೆ ಹರಿದಿದೆ, ಹರಿಗೋಲಿನಿಂದ ದಂಡೆಯ ಬಂಡೆ ಮೇಲೆ ಎರಡು ಸಲ ಬಿದ್ದಿದೆ. ಒಂದು ಪದರೂ ಬಿಟ್ಟಿಲ್ಲ. ಸಾಣೆಗೆ ಬಂದದ್ದು ಮೂರೇ ಸಲ. ಈಗ ಬರೆಯಬಹುದು ಅನ್ನಿಸಿತು.

ಇಷ್ಟು ಪದರು ಬೆಸೆಯಲು ಆಗದು ಅಂದವರು ಬಹಳ ಮಂದಿ. ಮೊದಲನೆಯವರು ನಮ್ಮ ದೊಡ್ಡಪ್ಪ. ನನಗೆ ಸುತ್ತಿಗೆ ಹಿಡಿಯಲು ಕಲಿಸಿದವರೇ ಅವರು. "ತಮ್ಮಾ, ಕೊಡ್ಲಿ ಬಾಯಿಗೆ ಒಂದು ಉಕ್ಕಿನ ತುಂಡು ಬೆಸದ್ರ ಸಾಕು. ನೀ ನೂರು ಕಡೆ ಬೆಸದ್ರ ನೂರು ಕಡೆ ಬಿಡ್ತೈತಿ" ಅಂದಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು.

ಕುಲುಮೆ ಇದ್ದವರಿಗೆ ಬೆಸುಗೆ ಅಂದರೇನು ಅಂತ ನಾನು ಹೇಳಬೇಕಿಲ್ಲ. ನಾನು ಎಲ್ಲಿ ಕೆಟ್ಟೆ ಅನ್ನುವುದನ್ನು ಹೇಳುತ್ತೇನೆ.

ಮೊದಲು ಲಾರಿ ಕಮಾನು ಪಟ್ಟಿ ಮತ್ತು ಸಾದಾ ಕಬ್ಬಿಣದ ಪಟ್ಟಿ ಸೇರಿಸಿದೆ. ಎರಡೂ ಗುಜರಿಯಲ್ಲಿ ಸಿಗುತ್ತವೆ, ಅಗ್ಗ. ಬೆಸುಗೆ ಹೇಗೋ ಕೂತಿತು, ಪದರಿನ ಗೆರೆಯೂ ಮಸುಕಾಗಿ ಕಂಡಿತು, ಆದರೆ ಬಾಯಿ ನಿಲ್ಲಲಿಲ್ಲ. ನಾಲ್ಕು ಮೀನು ಕೊಯ್ಯುವಷ್ಟರಲ್ಲಿ ಮೊಂಡು. ಕಾರಣ ಆಮೇಲೆ ತಿಳಿಯಿತು. ಪದರು ತೆಳ್ಳಗಾದಂತೆ ಪಟ್ಟಿಯೊಳಗಿನ ಕಾರ್ಬನ್ ಸಾದಾ ಕಬ್ಬಿಣಕ್ಕೆ ಹರಿದು ಎಲ್ಲ ಕಡೆ ಸಮನಾಗುತ್ತದೆ. ಪಟ್ಟಿಯಲ್ಲಿ ಇರುವುದೇ ಅರ್ಧ ಪರ್ಸೆಂಟಿನ ಆಸುಪಾಸು. ಅದನ್ನೂ ಹಂಚಿಬಿಟ್ಟರೆ ಉಳಿಯುವುದೇನು? ಹಾಗೆ ಬೆಸೆದ ಉಕ್ಕಿನ ಆರು ಗಟ್ಟಿ ಹಾಳು ಮಾಡಿದೆ. ಇದ್ದಿಲು, ಗ್ಯಾಸು, ಕೂಲಿ ಸೇರಿ ಒಂದೊಂದಕ್ಕೆ ಎಂಟುನೂರರ ಮೇಲೇ ಬಿದ್ದಿರಬೇಕು.

ಆಮೇಲೆ ಹಳೆಯ ಅರ ಮತ್ತು ಸಾಮಿಲ್ಲಿನ ಪಟ್ಟಿ ಗರಗಸ. ಗರಗಸದಲ್ಲಿ ನಿಕ್ಕಲ್ ಇರುತ್ತದೆ, ಆಸಿಡ್‌ನಲ್ಲಿ ಬೆಳ್ಳಗೆ ಉಳಿದು ಗೆರೆ ಎದ್ದು ಕಾಣುತ್ತದೆ ಅಂತ ಕೇಳಿದ್ದೆ. ಗಂಗಾವತಿಯ ಒಂದು ಸಾಮಿಲ್ಲಿನಿಂದ ಹನ್ನೆರಡು ಕಿಲೋ ತಂದೆ, ಕಿಲೋಗೆ ಅರವತ್ತೋ ಎಪ್ಪತ್ತೋ ಕೊಟ್ಟ ನೆನಪು. ವಾರಗಟ್ಟಲೆ ಬಡಿದು, ಅರೆದು, ಆಸಿಡ್‌ಗೆ ಇಳಿಸಿದರೆ ಅಲಗು ಪೂರಾ ಒಂದೇ ಬೂದಿ ಬಣ್ಣ. ಆ ಗರಗಸದಲ್ಲಿ ನಿಕ್ಕಲ್ ಇರಲೇ ಇಲ್ಲ. ಎಲ್ಲ ಗರಗಸದಲ್ಲೂ ಇರುವುದಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಈಗ ಬೆರಳಷ್ಟು ತುಂಡು ಕತ್ತರಿಸಿ, ಮಗ್ಗುಲಲ್ಲಿ ಅರದ ತುಂಡು ಇಟ್ಟು, ಎರಡನ್ನೂ ಗೆರೆ ಎಬ್ಬಿಸುವ ಫೆರಿಕ್ ಕ್ಲೋರೈಡ್‌ನಲ್ಲಿ ಕಾಲು ತಾಸು ಅದ್ದಿ ನೋಡಿಯೇ ತೂಕಕ್ಕೆ ಹಾಕಿಸುತ್ತೇನೆ. ಗರಗಸ ಹೊಳೆದರೆ ಕೊಳ್ಳುವುದು, ಕಪ್ಪಾದರೆ ಅಲ್ಲೇ ಬಿಟ್ಟು ಬರುವುದು.

ಗೆರೆ ಸಿಕ್ಕ ಮೇಲೆ ಬಾಯಿಗಾಗಿ ಬೇರಿಂಗ್ ಉಕ್ಕಿಗೆ ಹೋದೆ. ಅದರಲ್ಲಿ ಕಾರ್ಬನ್ ಒಂದು ಪರ್ಸೆಂಟ್, ಕ್ರೋಮಿಯಂ ಒಂದೂವರೆಯ ಹತ್ತಿರ. ಆ ಕ್ರೋಮಿಯಂ ಸುಮ್ಮನೆ ಬಿಡುವುದಿಲ್ಲ. ಕಾದಾಗ ಮೈಮೇಲೆ ಕಟ್ಟುವ ಅದರ ಕಿಟ್ಟ, ಕಿಟ್ಟ ಕರಗಿಸಲೆಂದೇ ಉದುರಿಸುವ ಬಿಳಿಗಾರಕ್ಕೆ ಬೇಗ ಕರಗದು, ಪದರಿನ ನಡುವೆ ಉಳಿದರೆ ಅಲ್ಲೇ ಬೆಸುಗೆ ಬಿಡುತ್ತದೆ. ಇಲ್ಲಿ ಬರೀ ತಾಳ್ಮೆಯ ಕೆಲಸ: ಪ್ರತಿ ತುಂಡಿನ ಎರಡೂ ಮೈ ಬೆಳ್ಳಗಾಗುವ ತನಕ ಅರೆಯಬೇಕು, ಅರೆದ ದಿನವೇ ಬೆಸೆಯಬೇಕು. ಬಿಳಿಗಾರವನ್ನು ಹಸಿಯಾಗಿ ಹಾಕಿದರೆ ಮಂಡಾಳಿನ ಹಾಗೆ ಉಬ್ಬಿ ಉದುರಿ ಹೋಗುತ್ತದೆ. ಮೊದಲೇ ಹುರಿದು, ನೀರು ಹೋಗಿಸಿ, ಕುಟ್ಟಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ. ಅದರ ಜೊತೆ ಇನ್ನೊಂದು ಪುಡಿ ಬೆರೆಸುತ್ತೇನೆ. ಅದು ಯಾವುದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಕಳೆದದ್ದು ಒಂದು ವರ್ಷ.

ಐದು ಬೇರಿಂಗ್ ಉಕ್ಕಿನ ತುಂಡು, ನಾಲ್ಕು ಗರಗಸದ ತುಂಡು, ಒಟ್ಟು ಒಂಬತ್ತು ಪದರು. ಮೂಲೆಗಳಿಗೆ ಕರೆಂಟ್ ವೆಲ್ಡಿಂಗ್ ಹಾಕಿ, ಹಿಡಿಯಲು ಒಂದು ಸರಳು ಅಂಟಿಸಿ ಒಲೆಗೆ ಇಡುತ್ತೇನೆ. ಹಳದಿ ಬಂದು, ಬಿಳಿಗಾರ ಕಾದ ತುಪ್ಪದ ಹಾಗೆ ಮೈಮೇಲೆ ಓಡಾಡುವಾಗ ತೆಗೆಯಬೇಕು. ಸುರುಸುರು ಬತ್ತಿಯಂತೆ ಕಿಡಿ ಹಾರಿದರೆ ಉಕ್ಕು ಸುಟ್ಟಿತು ಅಂತಲೇ ಲೆಕ್ಕ. ನನ್ನ ದೊಡ್ಡ ತಪ್ಪು ಇದ್ದದ್ದು ಮೊದಲ ಹೊಡೆತದಲ್ಲಿ. ಹೊಲದ ಸಾಮಾನು ಬಡಿದು ಬಂದ ಕೈ ನನ್ನದು, ಚಮ್ಮಟಿಗೆ ಎತ್ತಿ ಹಾಕುತ್ತಿದ್ದೆ. ಪದರು ಜಾರಿ ಹೋಗುತ್ತಿತ್ತು. ಮೊದಲ ಕಾವಿನಲ್ಲಿ ರೊಟ್ಟಿ ತಟ್ಟಿದ ಹಾಗೆ, ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ತಟ್ಟಬೇಕು, ಕರಗಿದ ಕಿಟ್ಟ ಹೊರಗೆ ಚಿಮ್ಮಬೇಕು. ಜೋರು ಏನಿದ್ದರೂ ಮೂರನೇ ಕಾವಿನಿಂದ. ಉದ್ದ ಎಳೆದು ಮೂರು ತುಂಡು ಮಾಡಿ ಜೋಡಿಸಿದರೆ ಇಪ್ಪತ್ತೇಳು, ಇನ್ನೊಮ್ಮೆ ಮಾಡಿದರೆ ಎಂಬತ್ತೊಂದು. ಇನ್ನೂರ ನಲವತ್ಮೂರಕ್ಕೂ ಹೋಗಿದ್ದೆ. ಗೆರೆ ಕೂದಲಿನಷ್ಟು ಸಣ್ಣದಾಗಿ ಕಣ್ಣಿಗೇ ಕಾಣದು, ಒಂದು ಬೆಸುಗೆ ಹೆಚ್ಚು, ಗ್ಯಾಸು ಹೆಚ್ಚು. ಮೀನು ಚಾಕುವಿಗೆ ಎಂಬತ್ತೊಂದೇ ಸರಿ ಅನ್ನುವುದು ನನ್ನ ತೀರ್ಮಾನ.

ತೂಕದ ಲೆಕ್ಕವೂ ಗೊತ್ತಿರಲಿ. ಎರಡು ಕಿಲೋ ಜೋಡಿಸಿದರೆ ಕಿಟ್ಟವಾಗಿ ಉದುರಿ, ಅಂಚು ಕತ್ತರಿಸಿ, ಕೈಗೆ ಉಳಿಯುವುದು ಒಂದೂಕಾಲು ಕಿಲೋ. ಅದರಲ್ಲಿ ಐದು ಚಾಕು, ಅದೃಷ್ಟವಿದ್ದರೆ ಆರು.

ಹದದ ವಿಷಯಕ್ಕೆ, ಅಂದರೆ ಕಾದ ಅಲಗನ್ನು ತಟ್ಟನೆ ತಣಿಸಿ ಗಡಸು ಮಾಡುವುದಕ್ಕೆ ಬಂದರೆ, ನಮ್ಮ ಮನೆಯಲ್ಲಿ ಕುಡುಗೋಲಿಗೆ ನೀರೇ. ಬೇರಿಂಗ್ ಉಕ್ಕನ್ನೂ ನೀರಿಗೇ ಇಳಿಸಿದೆ. ಟಿಣ್ ಅಂದಿತು. ಅಲಗಿನ ನಡುವೆ ಕೂದಲು ಸೀಳು. ಒಂದೇ ಸಂಜೆ ಮೂರು ಚಾಕು, ಹದಿನೈದು ದಿನದ ದುಡಿಮೆ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ಗಾಡಿಯ ಸುಟ್ಟ ಆಯಿಲ್ ಹಾಕಿ ನೋಡಿದೆ, ಹೊಗೆಗೆ ಓಣಿಯವರು ಜಗಳಕ್ಕೆ ಬಂದರು. ಈಗ ಶೇಂಗಾ ಎಣ್ಣೆ, ಕೈಗೆ ಚುರುಕು ಅನ್ನಿಸುವಷ್ಟು ಬಿಸಿ ಮಾಡಿ, ಅರವತ್ತು ಡಿಗ್ರಿ ಇರಬಹುದು. ಕಾದ ಉಕ್ಕಿಗೆ ಅಯಸ್ಕಾಂತ ಅಂಟದೆ ಬಿಟ್ಟ ತಕ್ಷಣ ಅದ್ದುವುದು ಬೇರಿಂಗ್ ಉಕ್ಕಿಗೆ ಸಾಲದು. ಇನ್ನೂ ಸ್ವಲ್ಪ ಮೇಲೆ, ಎಂಟುನೂರ ನಲವತ್ತರ ಹತ್ತಿರ ಐದಾರು ನಿಮಿಷ ನಿಲ್ಲಿಸಬೇಕು. ಇದಕ್ಕೆ ಕಣ್ಣನ್ನು ನಂಬಬೇಡಿ, ಒಲೆಯ ಬಿಸಿ ಅಳೆಯುವ ಒಂದು ಥರ್ಮೋಕಪಲ್ ತಗೊಳ್ಳಿ. ನನಗೆ ಸಾವಿರದೈನೂರು ಬಿದ್ದಿತು, ಮೊದಲೇ ಕೊಂಡಿದ್ದರೆ ಎಷ್ಟೋ ಚಾಕು ಉಳಿಯುತ್ತಿದ್ದವು. ಆಮೇಲೆ ಪೆಡಸು ಇಳಿಸಲು ಸಣ್ಣ ಕರೆಂಟ್ ಒಲೆಯಲ್ಲಿ ಇನ್ನೂರು ಡಿಗ್ರಿ, ಎರಡು ತಾಸಿನಂತೆ ಎರಡು ಸಲ. ಉಜ್ಜಿದ ಮೈ ಒಣ ಕಣಕಿಯ ಬಣ್ಣಕ್ಕೆ ತಿರುಗಬೇಕು. ಮೀನಿನದಕ್ಕೆ ಬಾಗು ಬೇಕು, ಹಾಗಾಗಿ ಇನ್ನೂ ಸ್ವಲ್ಪ ಮೇಲೆ ಒಯ್ಯುತ್ತೇನೆ. ಎರಡು ಮಿಲಿಮೀಟರ್ ದಪ್ಪದ ಉದ್ದ ಅಲಗು ಎಣ್ಣೆಯಲ್ಲಿ ಸೊಟ್ಟಗಾಗದ ಹಾಗೆ ಇಳಿಸುವುದಕ್ಕೆ ನನ್ನದೊಂದು ಉಪಾಯ ಇದೆ, ಕುಲುಮೆಗೆ ಬಂದವರಿಗೆ ತೋರಿಸುತ್ತೇನೆ.

ಹದಕ್ಕೆ ಮೊದಲು, ಬಡಿದದ್ದನ್ನು ಅರೆಯುವಷ್ಟು ಮೆತ್ತಗಾಗಿಸಲು ಭತ್ತದ ಹೊಟ್ಟಿನ ಬೂದಿ ಬಳಸಿ. ಗಂಗಾವತಿ ಕಡೆ ರೈಸ್‌ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿರುತ್ತದೆ, ಪುಕ್ಕಟೆ. ಸಂಜೆ ಕೆಂಪಗಿದ್ದದ್ದನ್ನು ಹುಗಿದಿಟ್ಟರೆ ಬೆಳಿಗ್ಗೆಯೂ ಬೆಚ್ಚಗಿರುತ್ತದೆ, ಅರ ಸರಾಗ ಓಡುತ್ತದೆ.

ಈ ಹೊಟ್ಟೇ ನನ್ನನ್ನು ಇನ್ನೊಂದು ಹುಚ್ಚಿಗೆ ಎಳೆಯಿತು. ಮೈಮೇಲಿನ ಗೆರೆಗೆ ಹೆಸರಾದ ಹಳೆಯ ಕಾಲದ ಡಮಾಸ್ಕಸ್ ಕತ್ತಿಯ ಉಕ್ಕು ಹೀಗೆ ಪದರು ಬೆಸೆದದ್ದಲ್ಲ, ಮೂಸೆಯಲ್ಲಿ, ಅಂದರೆ ಮಣ್ಣಿನ ಕುಡಿಕೆಯಲ್ಲಿ ಕರಗಿಸಿದ್ದು. ನಮ್ಮ ದಕ್ಷಿಣದ ಕಡೆಯಿಂದ ಹೋದ ಆ ಗಟ್ಟಿಗೆ ಇಂಗ್ಲಿಷರು ವೂಟ್ಜ್ ಅಂದದ್ದು ನಮ್ಮ 'ಉಕ್ಕು' ಅನ್ನುವ ಮಾತಿನಿಂದಲೇ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಆಗಿನವರು ಮೂಸೆಯ ಮಣ್ಣಿಗೆ ಭತ್ತದ ಹೊಟ್ಟು ಕಲಸುತ್ತಿದ್ದರು, ಒಳಗೆ ಕಬ್ಬಿಣದ ಜೊತೆ ಆವರಿಕೆ ಕಟ್ಟಿಗೆ, ಎಕ್ಕದ ಎಲೆ ಇಡುತ್ತಿದ್ದರು. ಆವರಿಕೆ, ಎಕ್ಕ ಎರಡೂ ನಮ್ಮ ಹೊಲದ ಬದುವಿನಲ್ಲೇ ಇವೆ. ಕೆರೆ ಮಣ್ಣು, ಹೊಟ್ಟು ಕಲಸಿ ಏಳು ಮೂಸೆ ಮಾಡಿದೆ. ನಾಲ್ಕು ಸೀಳಿದವು, ಎರಡು ಸೋರಿದವು, ಒಂದರಲ್ಲಿ ಲಿಂಬೆಹಣ್ಣಿನಷ್ಟು ಗಟ್ಟಿ ಸಿಕ್ಕಿತು. ಬೆಸುಗೆಯ ಕಾವಿನಲ್ಲಿ ಹೊಡೆದೆ, ಬೆಲ್ಲದ ಹೆಂಟೆಯ ಹಾಗೆ ಪುಡಿಯಾಯಿತು. ಆ ಉಕ್ಕನ್ನು ಮಬ್ಬು ಕೆಂಪಿನಲ್ಲೇ ನಿಧಾನ ಬಡಿಯಬೇಕಂತೆ. ಹಿಂದೆ ಯುರೋಪಿನ ಕಮ್ಮಾರರೂ ಇದೇ ತಪ್ಪು ಮಾಡಿದ್ದರು. ಬೇಸಿಗೆಯಲ್ಲಿ ಮತ್ತೆ ಮೂಸೆ ಕಟ್ಟುತ್ತೇನೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣ ಯುಗದವರ ಕಲ್ಲಿನ ಗೋರಿಗಳು ಇನ್ನೂ ನಿಂತಿವೆ, ಅಂಥ ಸೀಮೆಯಲ್ಲಿ ಕೂತು ಇದನ್ನು ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಗೆರೆ ಎಬ್ಬಿಸಲು ಫೆರಿಕ್ ಕ್ಲೋರೈಡ್ ಒಂದು ಪಾಲು, ನೀರು ನಾಲ್ಕು ಪಾಲು, ಹತ್ತು ನಿಮಿಷದಂತೆ ಮೂರು ಸಲ. ಕೊನೆಗೆ ಅಡಿಗೆ ಸೋಡಾ ನೀರು. ಹುಣಸೆಹಣ್ಣಿನ ರಸದಲ್ಲಿ ರಾತ್ರಿಯಿಡೀ ಇಟ್ಟು ನೋಡಿದೆ, ಕಪ್ಪಾಗುತ್ತದೆ, ಆದರೆ ಕಲೆಕಲೆ. ಗಟ್ಟಿ ಕಾಫಿಯಲ್ಲಿ ಇಟ್ಟರೆ ಮಾತ್ರ ಕಪ್ಪು ಚೆನ್ನಾಗಿ ಕೂರುತ್ತದೆ.

ಹಿಡಿಕೆಗೆ ಬಳ್ಳಾರಿ ಜಾಲಿ. ಎಲ್ಲರೂ ಅದನ್ನು ಒಲೆಗೆ ಹಾಕುತ್ತಾರೆ, ಒಳಗಿನ ಕೆಂಚು ಚೇಗು ಎಷ್ಟು ಚೆಂದ ಅಂತ ಅರೆದು ನೋಡಿದವರಿಗೇ ಗೊತ್ತು. ಮೊದಲಿನವು ನೀರಿಗೆ ಉಬ್ಬಿ ಸೀಳಿದವು. ಈಗ ವರ್ಷ ಒಣಗಿಸಿ, ಅಗಸಿ ಎಣ್ಣೆ ಕುಡಿಸಿ ಬಿಸಿಲಿಗೆ ಇಡುತ್ತೇನೆ. ಕೊರವ ಮೀನಿನ ಲೋಳೆಗೆ ನುಣುಪು ಹಿಡಿಕೆ ಜಾರುತ್ತದೆ ಅಂತ ಹುಲಿಗಿಯ ಅಣ್ಣ ಹೇಳಿದ ಮೇಲೆ ಅಡ್ಡ ಗೀರು ಹಾಕಲು ಶುರು ಮಾಡಿದೆ.

ಬೇಟೆ ಚಾಕು ಬೇಕು ಅಂತಲೂ ಕೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ, ಆ ಮಾತು ನನ್ನ ಕುಲುಮೆಯಲ್ಲಿ ಬೇಡ ಅನ್ನುತ್ತೇನೆ. ಆದರೆ ಆ ಆಕಾರ ಒಳ್ಳೆಯದು. ನಾಲ್ಕು ಇಂಚು, ಹೊಟ್ಟೆ ಉಬ್ಬಿದ ಅಲಗು; ಮಟನ್ ಅಂಗಡಿಯವರು ಕುರಿ ಸುಲಿಯಲು ಒಯ್ಯುತ್ತಾರೆ, ತೊಗಲಿಗೆ ತೂತು ಬೀಳುವುದಿಲ್ಲ ಅನ್ನುತ್ತಾರೆ. ಒಂಬತ್ತು ಇಂಚು ದಾಟಿದ್ದನ್ನು ನಾನು ಮಾಡುವುದೇ ಇಲ್ಲ, ಆಯುಧ ಕಾನೂನಿನ ತಂಟೆ ಬೇಡ.

ದುಡ್ಡಿನ ಮಾತು. ಕಾದ ಉಕ್ಕನ್ನು ಒತ್ತುವ ಪ್ರೆಸ್ ಮಾಡಿಸಲು ಅರವತ್ತು ಸಾವಿರ ಆಯಿತು. ಪಟ್ಟಿ ಸಾಣೆಗೆ ರೈಸ್‌ಮಿಲ್ಲಿನ ಹಳೆಯ ಮೋಟರ್ ಸೇರಿ ಹದಿನೆಂಟು ಸಾವಿರ. ಹಾಳಾದದ್ದು, ಗ್ಯಾಸು, ಓಡಾಟ ಎಲ್ಲ ಕೂಡಿಸಿದರೆ ಒಂದು ಲಕ್ಷ ನಲವತ್ತು ಸಾವಿರ ಹೋದ ಮೇಲೆ ಮೊದಲ ಚಾಕು ಮಾರಿದ್ದು. ಗಾಳ ಹಾಕುವ ಹವ್ಯಾಸದ ಬೆಂಗಳೂರಿನವರು ಎರಡು ಸಾವಿರದ ಇನ್ನೂರು ಕೊಡುತ್ತಾರೆ. ನಮ್ಮ ಮೀನುಗಾರರು ಅಷ್ಟು ಎಲ್ಲಿಂದ ತರಬೇಕು? ಸಂತೆಯಲ್ಲಿ ಚಾಕು ನೂರೈವತ್ತಕ್ಕೆ ಸಿಗುತ್ತದೆ. ಅವರಿಗೆ ಒಂಬೈನೂರಕ್ಕೆ ಕೊಡುತ್ತೇನೆ, ಎರಡು ಕಂತು. ಇದುವರೆಗೆ ಹದಿನೇಳು ಹೋಗಿವೆ.

ದೊಡ್ಡಪ್ಪ ಹುಲಿಗಿಯ ಚಾಕುವನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಪದರು ತಡವಿ ನೋಡಿದರು. "ಬೆಸುಗಿ ಕುಂತೈತಿ. ಹಿಡಿಕಿ ಬುಡದಾಗ ತುಕ್ಕು ಹಿಡದೈತಿ ನೋಡಲೇ" ಅಂದರು. ಖರೆ. ಅಲಗು ಒರೆಸಿ ಎಣ್ಣೆ ಹಚ್ಚಿದರೂ ಹಿಡಿಕೆ ಸೇರುವ ಸಂದಿನಲ್ಲಿ ನೀರು ನಿಲ್ಲುತ್ತದೆ. ಈಗ ಆ ಸಂದಿಗೆ ಹಿತ್ತಾಳೆ ತಗಡು ಕೂಡಿಸಿ, ಮೇಣ ಕರಗಿಸಿ ತುಂಬಿ ಎರಡು ಚಾಕು ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಇಟ್ಟಿದ್ದೇನೆ. ಇವತ್ತಿಗೆ ಒಂಬತ್ತು ದಿನ, ಒಂದರಲ್ಲಿ ಇನ್ನೂ ತುಕ್ಕು ಕಂಡಿಲ್ಲ.